ಯೇಸುಚರಿತೆಯ ಚಿತ್ರ ಕಂಡು ಹೊರಟ ಸಾಧಕ ದಾದಾಸಾಹೇಬ್ ಫಾಲ್ಕೆ

ತಪಸ್ಸುಕಾಲದಲ್ಲಿ ಯೇಸುಸ್ವಾಮಿಯ ಜೀವನವನ್ನು ಕುರಿತ ಚಲನಚಿತ್ರವನ್ನು ಮನೆಮಂದಿಯೆಲ್ಲ ಒಟ್ಟಾಗಿ ಕುಳಿತು ನೋಡುವುದು ನಮ್ಮ ಅನೇಕ ಕಥೋಲಿಕ ಕುಟುಂಬಗಳಲ್ಲಿ ರೂಢಿಯಾಗಿದೆ. ಅಂತಹ ಒಂದು ಚಿತ್ರವೇ ಶತಮಾನದ ಹಿಂದೆ ಕ್ರೈಸ್ತರಲ್ಲದ ಗೃಹಸ್ಥರೊಬ್ಬರ ಬಾಳಿನ ದಿಕ್ಕನ್ನು ಬದಲಿಸಿ, ಭಾರತೀಯ ಚಲನಚಿತ್ರದ ಉದಯಕ್ಕೆ ಪ್ರೇರಣೆಯಾಯಿತೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು?

ಧುಂಡಿರಾಜ್ ಗೋವಿಂದ ಫಾಲ್ಕೆಯವರು 1870ರ ಏಪ್ರಿಲ್ 30ರಂದು ನಾಸಿಕದ ಸಮೀಪದ ತ್ರ್ಯಂಬಕೇಶ್ವರದಲ್ಲಿ, ವೈದಿಕ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿಯೂ ಬಡೋದೆಯ ಕಲಾಭವನದಲ್ಲಿಯೂ ವ್ಯಾಸಂಗ ಮಾಡಿ ಚಿತ್ರಕಲೆ, ಛಾಯಾಗ್ರಹಣಗಳನ್ನು ಕೈವಶ ಮಾಡಿಕೊಂಡರು. ಬಾಳು ಮಾತ್ರ ಸುಗಮವಾಗಿರಲಿಲ್ಲ. ಮೊದಲ ಪತ್ನಿಯನ್ನೂ ಮಗುವನ್ನೂ ಪ್ಲೇಗು ಮಾರಿ ಕಸಿದುಕೊಂಡಿತು. ಮುಂದೆ ಕಟ್ಟಿ ಬೆಳೆಸಿದ ಮುದ್ರಣಾಲಯವನ್ನು ಪಾಲುದಾರರೊಡನೆ ಉಂಟಾದ ಭಿನ್ನಾಭಿಪ್ರಾಯದಿಂದ ತೊರೆದು ಬಂದಾಗ ಅವರ ವಯಸ್ಸು ನಾಲ್ವತ್ತರ ಆಸುಪಾಸು, ಕೈಯಲ್ಲಿ ಕಾಸಿರಲಿಲ್ಲ.

ಇಂತಹ ದಿನಗಳಲ್ಲಿ, 1910-11ರ ಸುಮಾರಿಗೆ, ಮುಂಬಯಿಯಲ್ಲಿ ಅವರು ಕ್ರಿಸ್ತನ ಜೀವನವನ್ನು ಕುರಿತ ಮೂಕಚಿತ್ರವನ್ನು ಕಂಡರು. ತೆರೆಯ ಮೇಲೆ ಸ್ವಾಮಿಯ ಬಾಳು ಸಾಗುತ್ತಿದ್ದಂತೆ ಅವರ ಮನದಲ್ಲಿ ತಾವು ನಂಬಿದ ರಾಮ, ಕೃಷ್ಣರ ಚರಿತೆಗಳು ಮೂಡತೊಡಗಿದವು. ನಮ್ಮ ನೆಲದ ಪುಣ್ಯಕಥೆಗಳನ್ನು ನಮ್ಮವರೇ ಹೀಗೆ ತೋರಿಸಲಾಗದೇ ಎಂಬ ಹಂಬಲ ಅವರನ್ನು ಮತ್ತೆ ಬಿಡಲಿಲ್ಲ. ಪತ್ನಿ ಸರಸ್ವತಿಬಾಯಿಯವರನ್ನೂ ಕರೆದೊಯ್ದು ಅದೇ ಚಿತ್ರವನ್ನು ತೋರಿಸಿದರು. ಹಗಲಿರುಳು ಚಿತ್ರಗಳನ್ನು ನೋಡಿ, ಪ್ರಯೋಗಗಳಲ್ಲಿ ಮುಳುಗಿ ಕಣ್ಣಿನ ದೃಷ್ಟಿಯನ್ನೇ ಕೆಲಕಾಲ ಕಳೆದುಕೊಂಡರು. ಚಿಕಿತ್ಸೆಯಿಂದ ದೃಷ್ಟಿ ಮರಳಿತು; ಸಂಕಲ್ಪ ಕದಲಿರಲಿಲ್ಲ.

ಜೀವವಿಮೆಯನ್ನು ಒತ್ತೆಯಿಟ್ಟು 1912ರಲ್ಲಿ ಲಂಡನ್ನಿಗೆ ತೆರಳಿ, ಚಿತ್ರನಿರ್ಮಾಣವನ್ನು ಕಲಿತು, ವಿಲಿಯಮ್ಸನ್ ಕ್ಯಾಮೆರಾದೊಡನೆ ಹಿಂದಿರುಗಿದರು. ಆದರೆ ಹಣ ಕೊಡುವವರು ಯಾರು? ಕುಂಡದಲ್ಲಿ ಬಟಾಣಿ ಕಾಳೊಂದನ್ನು ಬಿತ್ತಿ, ಅದು ಮೊಳೆತು ಬಳ್ಳಿಯಾಗುವ ತನಕ ದಿನವೂ ತಾಳ್ಮೆಯಿಂದ ಚಿತ್ರೀಕರಿಸಿ, ನಿಮಿಷದೊಳಗೆ ಕಾಳು ಬಳ್ಳಿಯಾಗುವುದನ್ನು ತೋರಿಸಿದರು. ಕಥೆಯಿಲ್ಲದ, ಕಂಡದ್ದನ್ನು ಕಂಡಂತೆ ತೋರುವ ಆ ಪುಟ್ಟ ಚಿತ್ರವೇ ಅನುಮಾನಿಸುತ್ತಿದ್ದವರಲ್ಲಿ ನಂಬಿಕೆ ಹುಟ್ಟಿಸಿತು. ಸಾಸಿವೆ ಕಾಳಿನ ಸಾಮತಿಯನ್ನು ಕೇಳಿ ಬೆಳೆದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲಿನ ಕಾರ್ಯ ಒಬ್ಬರದಲ್ಲ, ಇಡೀ ಮನೆಯದು. ಸರಸ್ವತಿಬಾಯಿಯವರು ತಮ್ಮ ಒಡವೆಗಳನ್ನು ಕೊಟ್ಟರು, ಕತ್ತಲೆಯಲ್ಲಿ ಕುಳಿತು ಫಿಲ್ಮಿನ ಅಂಚಿಗೆ ರಂಧ್ರ ಕೊರೆದರು, ರಾಸಾಯನಿಕಗಳನ್ನು ಬೆರೆಸಿದರು, ತಂಡದವರಿಗೆಲ್ಲ ಅಡುಗೆ ಮಾಡಿ ಬಡಿಸಿದರು. ಮಗ ಭಾಲಚಂದ್ರ ಲೋಹಿತಾಶ್ವನಾದ. ಅಂದು ಸ್ತ್ರೀಯರಾರೂ ಅಭಿನಯಿಸಲು ಮುಂದಾಗದಿದ್ದುದರಿಂದ, ಉಪಾಹಾರಗೃಹದಲ್ಲಿ ದುಡಿಯುತ್ತಿದ್ದ ಅಣ್ಣಾ ಸಾಳುಂಕೆ ಎಂಬವರೇ ತಾರಾಮತಿಯಾದರು. ಸತ್ಯಕ್ಕಾಗಿ ಸರ್ವಸ್ವವನ್ನೂ ತೊರೆದ ಅರಸನ ಆ ಕಥೆ, ‘ರಾಜಾ ಹರಿಶ್ಚಂದ್ರ’, 1913ರ ಮೇ 3ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಅದನ್ನು ಭಾರತದ ಪ್ರಥಮ ಪೂರ್ಣಪ್ರಮಾಣದ ಕಥಾಚಿತ್ರವೆಂದು ಇಂದು ಗೌರವಿಸಲಾಗುತ್ತಿದೆ.

ಕೀರ್ತಿ ಬಂದಂತೆ ಕಷ್ಟವೂ ಬಂದಿತು. ಮಾತಿನ ಚಿತ್ರಗಳ ಯುಗದಲ್ಲಿ ಫಾಲ್ಕೆಯವರು ಹಿಂದೆ ಉಳಿದರು. 1937ರ ‘ಗಂಗಾವತರಣ’ವೇ ಅವರ ಕೊನೆಯ ಚಿತ್ರ. 1944ರ ಫೆಬ್ರವರಿ 16ರಂದು ನಾಸಿಕದಲ್ಲಿ ಅವರು ನಿಧನರಾದರು. ಅವರ ಹೆಸರಿನ ರಾಷ್ಟ್ರೀಯ ಪ್ರಶಸ್ತಿಯನ್ನು 1969ನೆಯ ಸಾಲಿನಿಂದ ನೀಡಲಾಗುತ್ತಿದ್ದು, 1995ನೆಯ ಸಾಲಿನ ಪ್ರಶಸ್ತಿಗೆ ನಮ್ಮ ಡಾ. ರಾಜಕುಮಾರ್ ಪಾತ್ರರಾದದ್ದು ಕನ್ನಡಿಗರೆಲ್ಲರ ಹೆಮ್ಮೆ.

ಫಾಲ್ಕೆಯವರ ವಿಶ್ವಾಸ ನಮ್ಮದಲ್ಲ. ಅವರನ್ನು ನಮ್ಮವರೆಂದು ಹೇಳಿಕೊಳ್ಳುವುದೂ ಸಲ್ಲದು. ಆದರೂ ಅವರ ಛಲದಿಂದ ಕಲಿಯಬೇಕಾದುದು ಬಹಳಷ್ಟಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿಯೇ ಸಂಪರ್ಕ ಮಾಧ್ಯಮಗಳನ್ನು ಸತ್ಕಾರ್ಯಕ್ಕೆ ಬಳಸುವಂತೆ ವಿಶ್ವಾಸಿಗಳನ್ನು ಕರೆಯಿತು. ಗುರುಗುಂಟಾ, ಲಿಂಗಸುಗೂರು ಸೀಮೆಯ ನಮಗೆ ತೋರಿಸಲು ಕಥೆಯಿಲ್ಲವೇ? ಇದೇ ತಾಲ್ಲೂಕಿನ ಮುದಗಲ್ಲಿನಲ್ಲಿ ಆದಿಲ್ ಶಾಹಿ ಕಾಲದಿಂದ, 16ನೆಯ ಶತಮಾನದಿಂದ, ಬೆಳಗುತ್ತ ಬಂದ ವಿಶ್ವಾಸದ ದೀಪವಿದೆ. ಅದರ ನೆನಪುಗಳನ್ನು ಹೊತ್ತ ಹಿರಿಯರು ಒಬ್ಬೊಬ್ಬರಾಗಿ ನಮ್ಮನ್ನು ಅಗಲುತ್ತಿದ್ದಾರೆ. ಅವರ ಮಾತು, ಅವರ ಹಾಡು, ಅವರ ಪ್ರಾರ್ಥನೆಗಳು ಅವರೊಡನೆಯೇ ಮಣ್ಣಾಗುವ ಮುನ್ನ ಚಿತ್ರವಾಗಿ ಉಳಿಯಬೇಡವೇ?

ಫಾಲ್ಕೆ ದಂಪತಿಗಳಿಗೆ ಇಲ್ಲದಿದ್ದ ಅನುಕೂಲ ಇಂದು ಪ್ರತಿ ಯುವಕ ಯುವತಿಯ ಕೈಯಲ್ಲಿರುವ ಮೊಬೈಲಿನಲ್ಲಿದೆ. ಬೇಕಾಗಿರುವುದು ಒಂದು ಮನೆಯವರಂತೆ ಕೂಡಿ ದುಡಿಯುವ ಮನಸ್ಸು, ಬಿತ್ತಿದ ಕಾಳು ಮೊಳೆಯುವ ತನಕ ಕಾಯುವ ತಾಳ್ಮೆ. ನಮ್ಮ ಧರ್ಮಕೇಂದ್ರಗಳ ಯುವಜನರು ಈ ಕಾರ್ಯಕ್ಕೆ ಮುಂದಾಗಲಿ. ಹಿರಿಯರು ಬಾಗಿಲು ತೆರೆದು ಅವರನ್ನು ಒಳಗೆ ಕರೆಯಲಿ ಎಂದು ಹಾರೈಸೋಣ.