ಪ್ರೋಟೀನಿನ ತಿರುವುಗಳಿಗೆ ನಕ್ಷೆ ಬರೆದ ಜಿ.ಎನ್. ರಾಮಚಂದ್ರನ್

ಕೊಲಾಜೆನ್ ಪುಡಿ ಕುಡಿದರೆ ಅದು ನೇರವಾಗಿ ಮಂಡಿಗೆ ಹೋಗಿ ಸೇರುತ್ತದೆ ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಹಾಗೇನೂ ಆಗುವುದಿಲ್ಲ. ತಿಂದ ಪ್ರೋಟೀನನ್ನು ಹೊಟ್ಟೆ, ಕರುಳು ಮೊದಲು ಚೂರು ಚೂರು ಮಾಡುತ್ತವೆ. ಹಾಗಾದರೆ ಕೊಲಾಜೆನ್ ಎಂದರೇನು? ಗುಡಗೇರಿಯ ಎರೆಹೊಲ ಉಳುವ ಎತ್ತಿನ ಚರ್ಮದಲ್ಲೂ ನಮ್ಮ ಮೂಳೆಯಲ್ಲೂ ಇರುವ ಗಟ್ಟಿ ಪ್ರೋಟೀನ್. ಅದರ ಆಕಾರ ತಿಳಿಯಲು ದಾರಿ ತೋರಿದವರು ನಮ್ಮ ದೇಶದ ಜಿ.ಎನ್. ರಾಮಚಂದ್ರನ್.

ಅವರು ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. 1942ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದವರು ಸಿ.ವಿ. ರಾಮನ್ ಅವರ ಶಿಷ್ಯರಾಗಿ ಭೌತವಿಜ್ಞಾನಕ್ಕೆ ತಿರುಗಿದರು. 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಅಲ್ಲಿ ಗೋಪಿನಾಥ್ ಕಾರ್ತಾ ಅವರೊಂದಿಗೆ 1954–55ರಲ್ಲಿ, ಕೊಲಾಜೆನ್ ಮೂರು ಎಳೆಗಳನ್ನು ಹೊಸೆದ ಹಗ್ಗದಂತಿದೆ ಎಂದು ತೋರಿಸಿದರು. ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ತಕರಾರು ತೆಗೆದರು: ಈ ಮಾದರಿಯಲ್ಲಿ ಕೆಲವು ಪರಮಾಣುಗಳು ತೀರಾ ಒತ್ತೊತ್ತಾಗಿವೆ. ಮೂರು ಎಳೆಯ ಮೂಲ ಕಲ್ಪನೆ ಉಳಿಯಿತು. ವಿವರದಲ್ಲಿ ಅವರ ತಿದ್ದುಪಡಿಗೂ ಬೆಲೆ ಬಂತು.

ರಾಮಚಂದ್ರನ್ ಆ ತಕರಾರನ್ನೇ ಪ್ರಶ್ನೆಯಾಗಿ ಎತ್ತಿಕೊಂಡರು. ಪರಮಾಣುಗಳು ನಿಜಕ್ಕೂ ಎಷ್ಟು ಹತ್ತಿರ ಬರಬಲ್ಲವು? ಆಗ ತಿಳಿದಿದ್ದ ಹರಳುಗಳ ಅಳತೆಗಳನ್ನು ಹುಡುಕಿ ಕಲೆಹಾಕಿದರು. 1963ರಲ್ಲಿ ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಜೊತೆ ಒಂದು ನಕ್ಷೆ ಪ್ರಕಟಿಸಿದರು. ಪ್ರೋಟೀನ್ ಸರಪಳಿ ಪ್ರತಿ ಕೊಂಡಿಯಲ್ಲೂ ಮುಖ್ಯವಾಗಿ ಎರಡು ಕಡೆ ತಿರುಗುತ್ತದೆ. ಯಾವ ತಿರುವು ಸಾಧ್ಯ, ಯಾವುದರಲ್ಲಿ ಪರಮಾಣುಗಳು ಡಿಕ್ಕಿ ಹೊಡೆಯುತ್ತವೆ ಎಂಬುದನ್ನು ಹೇಳುವ ಇದೇ ರಾಮಚಂದ್ರನ್ ನಕ್ಷೆ.

1970ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಮರಳಿ, ವಿಜ್ಞಾನ ಸಂಸ್ಥೆಯಲ್ಲಿ ಪ್ರೋಟೀನಿನಂಥ ಅಣುಗಳ ಅಧ್ಯಯನಕ್ಕೆಂದೇ ಹೊಸ ವಿಭಾಗ ಕಟ್ಟಿದರು. 1971ರಲ್ಲಿ ಎ.ವಿ. ಲಕ್ಷ್ಮೀನಾರಾಯಣನ್ ಜೊತೆ ಅವರು ಕೊಟ್ಟ ಲೆಕ್ಕದ ವಿಧಾನ ಸಿ.ಟಿ. ಸ್ಕ್ಯಾನ್‌ಗೂ ನೆರವಾಯಿತು. ನೊಬೆಲ್ ಸಿಗಲಿಲ್ಲ. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ತೀರಿಕೊಂಡರು.

ಈಗ ಪ್ರೋಟೀನನ್ನು ನೋಡಲು ಇನ್ನೊಂದು ದಾರಿಯಿದೆ. ಕಣ್ಣಿಯಿಂದ ಎರಡು ದನಗಳನ್ನು ಕಟ್ಟಿದಂತೆ, ಒಂದು ಪುಟ್ಟ ರಾಸಾಯನಿಕ ಪ್ರೋಟೀನಿನ ಎರಡು ಜಾಗಗಳನ್ನು ಕಟ್ಟುತ್ತದೆ. ಆಮೇಲೆ ಪ್ರೋಟೀನನ್ನು ಕತ್ತರಿಸಿ, ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಚೂರುಗಳ ತೂಕ ನೋಡುತ್ತಾರೆ. ಜೋಡಿಯಾಗಿ ಸಿಕ್ಕ ಚೂರುಗಳು ಮೊದಲು ಅಕ್ಕಪಕ್ಕದಲ್ಲಿದ್ದವು ಎಂದರ್ಥ. ಕಣ್ಣಿ ಎಷ್ಟು ಉದ್ದವೋ ದನಗಳು ಅಷ್ಟೇ ದೂರ. ಇಲ್ಲಿ ಸಾಮಾನ್ಯವಾಗಿ 3 ನ್ಯಾನೋಮೀಟರ್ ಒಳಗೆ. ಇಂಥ ಸುಳಿವುಗಳಿಂದ ಕಟ್ಟಿದ ಮಾದರಿಯನ್ನೂ ಕೊನೆಗೆ ರಾಮಚಂದ್ರನ್ ನಕ್ಷೆಯ ಮೇಲಿಟ್ಟೇ ಪರೀಕ್ಷಿಸುತ್ತಾರೆ.