1400 ಹೆಸರುಗಳ ನಕ್ಷೆ

ಜೈಸ್ ಅಂದ್ರೆ ನಮಗೆ ಮೊಬೈಲ್ ಕ್ಯಾಮೆರಾದ ಲೆನ್ಸ್ ನೆನಪಾಗುತ್ತೆ. ಜರ್ಮನಿಯ ಯೇನಾ ಊರಿನ ಅದೇ ಜೈಸ್ ಕಾರ್ಖಾನೆಯಲ್ಲಿ ಕುರ್ಟ್ ಉಂಕೆಲ್ ಅನ್ನೋ ಹುಡುಗ ಕೆಲಸ ಕಲಿಯುತ್ತಿದ್ದ. ಹುಟ್ಟಿದ್ದು 1883ರಲ್ಲಿ, ಅದೇ ಊರಲ್ಲಿ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ತಲೆ ತುಂಬಾ ದಕ್ಷಿಣ ಅಮೆರಿಕದ ಬುಡಕಟ್ಟುಗಳದೇ ಹುಚ್ಚು. 1903ರಲ್ಲಿ, ಇಪ್ಪತ್ತನೇ ವಯಸ್ಸಿಗೆ, ಬ್ರೆಜಿಲ್‌ಗೆ ಹೋಗೇಬಿಟ್ಟ. ಹೆಚ್ಚೂಕಮ್ಮಿ ನಮ್ಮ ವಯಸ್ಸು!

ಅಲ್ಲಿ ಸಾವೊ ಪೌಲೊ ರಾಜ್ಯದ ಒಳನಾಡಿನಲ್ಲಿ ಗ್ವಾರಾನಿ ಜನರ ಜೊತೆ ವಾಸ ಶುರುವಾಯ್ತು. ಅವರ ಭಾಷೆ ಕಲಿತು, ಅವರು ತಿಂದದ್ದನ್ನೇ ತಿಂದು ಬದುಕಿದ ಈ ಪರದೇಶಿಯನ್ನು ಅವರು 1906ರಲ್ಲಿ ತಮ್ಮವನೆಂದು ಒಪ್ಪಿಕೊಂಡು ಹೊಸ ಹೆಸರಿಟ್ಟರು: ನಿಮುಯೆಂದಾಜು. ತನಗೊಂದು ನೆಲೆ ಮಾಡಿಕೊಂಡವನು ಅಂತ ಅರ್ಥ. ಮುಂದೆ ಬ್ರೆಜಿಲ್ ಪೌರತ್ವ ಪಡೆದಾಗ ಅವರು ಇದನ್ನೇ ಅಧಿಕೃತ ಹೆಸರನ್ನಾಗಿ ಮಾಡಿಕೊಂಡರು.

ಗ್ವಾರಾನಿಗಳಲ್ಲಿ ಒಂದು ನಂಬಿಕೆಯಿದೆ. ಈ ಲೋಕ ಹಾಳಾಗಲಿದೆ, ಕೇಡಿಲ್ಲದ ನಾಡೊಂದು ಸಮುದ್ರದಾಚೆ ಇದೆ. 1912ರಲ್ಲಿ ಪರಾಗ್ವೆ ಕಡೆಯಿಂದ ಬಂದ ಒಂದು ಚಿಕ್ಕ ಗುಂಪು ನಿಮುಯೆಂದಾಜು ಅವರಿಗೆ ಸಾವೊ ಪೌಲೊ ನಗರದ ಹತ್ತಿರ ಸಿಕ್ಕಿತು. ಅಷ್ಟು ದೂರ ನಡೆಯುವಷ್ಟರಲ್ಲಿ ಹಲವರು ತೀರಿಹೋಗಿದ್ದರು. ಕುಣಿದು ಕುಣಿದು ಮೈ ಹಗುರಾದರೆ ಸಮುದ್ರ ದಾಟಬಹುದು ಅಂತ ಉಳಿದವರು ನಂಬಿದ್ದರು. ಬೇಡ, ಸರ್ಕಾರ ಬಿಟ್ಟುಕೊಟ್ಟ ಜಾಗಕ್ಕೆ ಬನ್ನಿ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಸರಿ, ಅವರ ಜೊತೆ ತಾವೂ ಕಡಲ ತೀರಕ್ಕೆ ನಡೆದರು. ಸಮುದ್ರ ಅಷ್ಟು ದೊಡ್ಡದಿರುತ್ತೆ ಅಂತ ಪಾಪ, ಅವರು ಅಂದುಕೊಂಡಿರಲಿಲ್ಲ. ಅಲ್ಲೂ ಕುಣಿದರು. ಮೈ ಹಗುರಾಗಲಿಲ್ಲ.

ಈ ನಂಬಿಕೆಯನ್ನು ಮೂಢನಂಬಿಕೆ ಅಂತ ತಳ್ಳಿಹಾಕೋದು ಸುಲಭ. 1914ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದ ಅವರ ಮೊದಲ ದೊಡ್ಡ ಬರಹ ಹಾಗೆ ಮಾಡದೆ, ಅದನ್ನು ಒಂದು ಪೂರ್ತಿ ಧರ್ಮವಾಗಿ ವಿವರಿಸುತ್ತದೆ. ಅದಕ್ಕೇ ಇವತ್ತಿಗೂ ಅದನ್ನು ಓದುತ್ತಾರೆ.

ಬುಡಕಟ್ಟು ಜನರ ರಕ್ಷಣೆಗೆ ಬ್ರೆಜಿಲ್ ಸರ್ಕಾರ ಕಟ್ಟಿದ್ದ ಇಲಾಖೆಗೂ ಅವರು ದುಡಿದರು. 1922ರಲ್ಲಿ ಅಮೆಜಾನ್ ಕಾಡಿನ ಮದೈರಾ ನದಿಯ ಕಡೆ ಹೋದರು. ಅಲ್ಲಿ ಪರಿಂತಿಂತಿನ್ ಜನಕ್ಕೂ ರಬ್ಬರ್ ತೆಗೆಯುವವರಿಗೂ ವರ್ಷಗಟ್ಟಲೆ ಕೊಲೆ, ಪ್ರತಿಕೊಲೆ ನಡೆದಿತ್ತು. ನಿಮುಯೆಂದಾಜು ಕಾಡಲ್ಲಿ ಒಂದು ಠಾಣೆ ಕಟ್ಟಿ, ಕೊಡಲಿ, ಚಾಕು ಉಡುಗೊರೆಯಾಗಿ ಇಟ್ಟು ಕಾದರು. ಬಾಣಗಳು ಬಂದವು. ತಿರುಗಿ ಗುಂಡು ಹಾರಿಸುವ ಹಾಗಿಲ್ಲ, ಅದು ಇಲಾಖೆಯ ನಿಯಮ. ಕೊನೆಗೆ ಬಿಲ್ಲು ಕೆಳಗಿಟ್ಟು ಅವರೇ ಮಾತಿಗೆ ಬಂದರು.

ಆಮೇಲೆ ಅಪಿನಾಯೆ, ಶೆರೆಂತೆ, ತಿಕೂನಾ ಹೀಗೆ ಒಂದಾದ ಮೇಲೊಂದು ಜನಾಂಗದ ಅಧ್ಯಯನ. ಅವರ ಪುಸ್ತಕಗಳನ್ನು ಇಂಗ್ಲಿಷಿಗೆ ತಂದದ್ದು ಬರ್ಕ್ಲಿಯ ಪ್ರೊಫೆಸರ್ ರಾಬರ್ಟ್ ಲೋವಿ. ಡಿಗ್ರಿಯಿಲ್ಲದವನ ಬರಹವನ್ನು ಪ್ರೊಫೆಸರ್ ಅನುವಾದಿಸಿದ್ದು ನಮಗಂತೂ ಖುಷಿ ಕೊಡ್ತು. ಆದರೆ ಹೊಟ್ಟೆಪಾಡಿಗೆ ಅವರು ಬುಡಕಟ್ಟುಗಳ ವಸ್ತುಗಳನ್ನು ಯುರೋಪಿನ ಮ್ಯೂಸಿಯಂಗಳಿಗೆ ಮಾರುತ್ತಿದ್ದರು ಅನ್ನೋದೂ ನಿಜ. ಅದನ್ನು ಓದಿದಾಗ ನಮಗೆ ಸ್ವಲ್ಪ ಕಸಿವಿಸಿ ಆಯ್ತು.

ಇನ್ನು ಆ ನಕ್ಷೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕೈಯಲ್ಲೇ ಬರೆದದ್ದು, ಗೋಡೆ ತುಂಬುವಷ್ಟು ದೊಡ್ಡದು. ನದಿಗಳ ಉದ್ದಕ್ಕೂ ಸುಮಾರು 1400 ಬುಡಕಟ್ಟುಗಳ ಹೆಸರು, ಸುಮಾರು 40 ಭಾಷಾ ಕುಟುಂಬಗಳಿಗೆ ಬೇರೆ ಬೇರೆ ಬಣ್ಣ. ಯಾವ ಕಾಲದಲ್ಲಿ ಅಲ್ಲಿದ್ದರು ಅಂತ ಇಸವಿಯೂ ಉಂಟು. ಅಳಿದುಹೋದವರ ಹೆಸರಿಗೆ ಬೇರೆ ಥರದ ಅಕ್ಷರ. ನಾವು ಪರದೆ ಮೇಲೆ ಜೂಮ್ ಮಾಡುತ್ತಾ ಕೂತರೆ ಅಂಥ ಹೆಸರುಗಳೇ ಮತ್ತೆ ಮತ್ತೆ ಸಿಗುತ್ತವೆ. ಇಂಥ ನಕ್ಷೆಯನ್ನು ಅವರು 1942ರಿಂದ 1944ರೊಳಗೆ ಮೂರು ಸಲ ಬರೆದರು.

1945ರ ಡಿಸೆಂಬರ್ 10ರಂದು ಅವರು ತಿಕೂನಾ ಜನರ ನಡುವೆಯೇ ತೀರಿಕೊಂಡರು. ಸಾವಿನ ಬಗ್ಗೆ ಹಲವು ಕಥೆಗಳಿವೆ, ವಿಷ ಹಾಕಿದರು ಅನ್ನೋದೂ ಒಂದು. ಅವರ ಕಾಗದಪತ್ರಗಳು ರಿಯೋ ನಗರದ ರಾಷ್ಟ್ರೀಯ ಮ್ಯೂಸಿಯಂ ಸೇರಿದವು. 2018ರ ಸೆಪ್ಟೆಂಬರ್ 2ರ ರಾತ್ರಿ ಆ ಮ್ಯೂಸಿಯಂಗೆ ಬೆಂಕಿ ಬಿತ್ತು, ಅವೂ ಸುಟ್ಟವು. ನಕ್ಷೆಯನ್ನು ಮಾತ್ರ 1981ರಲ್ಲೇ ಯಾರೋ ಪುಣ್ಯಾತ್ಮರು ಅಚ್ಚು ಹಾಕಿಸಿದ್ದರು.