ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳವರು

ಸಿಂಗಟಾಲೂರಿನ ಶ್ರೀ ವೀರಭದ್ರೇಶ್ವರನ ಸನ್ನಿಧಿಯು ತುಂಗಭದ್ರೆಯ ದಡದಲ್ಲಿಯೇ ಇದ್ದರೂ ಆ ಹೊಳೆಯ ನೀರು ಸುತ್ತಲಿನ ಎರೆಹೊಲಗಳಿಗೆ ಬಹುಕಾಲ ಏರಿ ಬರಲಿಲ್ಲ. ಮುಂಡರಗಿ, ಶಿರಹಟ್ಟಿ, ಗದಗು ಸೀಮೆಯ ಒಕ್ಕಲಿಗನು ಮುಗಿಲನ್ನು ನೋಡಿ ಬಿತ್ತುತ್ತಿದ್ದನು. ಪೇಟೆಯ ಧಾರಣೆಯನ್ನು ನೋಡಿ ಮಾರುತ್ತಿದ್ದನು. ಮಳೆ ಹೋದ ವರ್ಷಗಳ ಬವಣೆಯು ಅವನ ಹಿರಿಯರಿಗೆ ಹೊಸದಾಗಿರಲಿಲ್ಲ. ಆದರೆ 1929ರ ತರುವಾಯ ಬಂದೊದಗಿದ ಸಂಕಟವು ಬೇರೆ ಬಗೆಯದು. ಆಗ ಬೆಳೆ ಬಂದರೂ ಬೆಲೆ ಬಾರದಾಯಿತು. ಅಮೇರಿಕೆಯಲ್ಲಿ ಮೊದಲಾದ ವ್ಯಾಪಾರದ ಕುಸಿತವು ಹತ್ತಿಯ ಪೇಟೆಯಾದ ಗದಗಿಗೂ ತಟ್ಟಿ, ಎರಡು ಮೂರು ವರ್ಷಗಳಲ್ಲಿ ಹತ್ತಿಯ ಧಾರಣೆಯು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಸರಕಾರದ ಕಂದಾಯವೂ ಸಾವಕಾರನ ಬಡ್ಡಿಯೂ ಮಾತ್ರ ಇಳಿಯದೆ ರೊಕ್ಕದ ರೂಪದಲ್ಲಿಯೇ ಸಲ್ಲಬೇಕಾಗಿದ್ದುದರಿಂದ, ಅನೇಕ ಮನೆಗಳ ಬಂಗಾರವು ಅಂಗಡಿಯನ್ನು ಸೇರಿತು. ಇಂಥ ಕಾಲದಲ್ಲಿ ಆಸ್ತಿಯೆಂಬುದಿಲ್ಲದ, ಕಣ್ಣಿನ ಬೆಳಕೂ ಇಲ್ಲದ ಒಬ್ಬ ಮಹಾನುಭಾವರು ಬಡಮಕ್ಕಳ ಅನ್ನವನ್ನೂ ವಿದ್ಯೆಯನ್ನೂ ನಿಲ್ಲಗೊಡದೆ ನಡೆಯಿಸಿದರು. ಅವರೇ ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳವರು.

ಇವರು 1892ನೆಯ ಇಸವಿಯ ಫೆಬ್ರುವರಿ 2ರಂದು, ಇಂದಿನ ಹಾವೇರಿ ಜಿಲ್ಲೆಗೆ ಸೇರಿದ ಕಾಡಶೆಟ್ಟಿಹಳ್ಳಿಯ ಬಡ ಜಂಗಮ ಮನೆತನದಲ್ಲಿ ಜನ್ಮ ತಾಳಿದರು. ತಂದೆ ಗುರುಪಾದಯ್ಯನವರು, ತಾಯಿ ನೀಲಮ್ಮನವರು. ಮಗುವಿಗೆ ಗದಿಗೆಯ್ಯನೆಂದು ಹೆಸರಿಟ್ಟರು. ಗದಿಗೆಯ್ಯನೂ ಅವನ ಅಣ್ಣ ಗುರುಬಸಯ್ಯನೂ ಹುಟ್ಟುಕುರುಡರು. ಕುರುಡು ಮಗುವೆಂದರೆ ಮನೆಗೆ ಭಾರವೆಂದು ಲೋಕವು ಬಗೆಯುತ್ತಿದ್ದ ಆ ದಿನಗಳಲ್ಲಿ, ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳು ಈ ಬಾಲಕರ ಕಂಠದಲ್ಲಿ ಅಡಗಿದ್ದ ಸಂಪತ್ತನ್ನು ಗುರುತಿಸಿ ಇಬ್ಬರನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಗುರುಬಸಯ್ಯನು ಅಕಾಲದಲ್ಲಿಯೇ ಲಿಂಗೈಕ್ಯನಾಗಲು, ಗುರುವಿನ ಆಶೆಯೆಲ್ಲವೂ ಕಿರಿಯನ ಮೇಲೆ ನಿಂತಿತು. ಮೈಸೂರಿನಲ್ಲಿ ಕರ್ನಾಟಕ ಪದ್ಧತಿಯನ್ನೂ, ಮಿರಜಿನ ನೀಲಕಂಠಬುವಾ ಅವರಲ್ಲಿ ಹಿಂದುಸ್ಥಾನಿ ಪದ್ಧತಿಯನ್ನೂ ಕಲಿತು, ಇವರು ಉಭಯ ಗಾಯನಗಳಲ್ಲಿ ಪಾರಂಗತರಾಗಿ ಪಂಚಾಕ್ಷರ ಗವಾಯಿಗಳೆಂದು ಪ್ರಸಿದ್ಧರಾದರು.

ಕಲಿತ ವಿದ್ಯೆಯನ್ನು ಅರಸರ ದರ್ಬಾರಿಗೆ ಒಯ್ದಿದ್ದರೆ ಇವರ ಬಾಳು ಸುಖವಾಗಿ ಸಾಗುತ್ತಿತ್ತು. ಆದರೆ ತಾವು ಗುರುವಿನಿಂದ ಪಡೆದುದನ್ನು ತಮ್ಮಂಥ ಅಂಧರಿಗೂ ದಿಕ್ಕಿಲ್ಲದ ಮಕ್ಕಳಿಗೂ ಮುಟ್ಟಿಸುವುದೇ ಇವರಿಗೆ ಕಾಯಕವಾಯಿತು. ಗುರುಗಳ ಆಶೀರ್ವಾದದಿಂದ ಸಂಚಾರಿ ಸಂಗೀತ ಪಾಠಶಾಲೆಯು ಹುಟ್ಟಿತು. ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ. ಗುರುವೂ ಶಿಷ್ಯರೂ ಊರಿಂದೂರಿಗೆ ಹೋಗಿ, ಭಕ್ತರ ಆಶ್ರಯದಲ್ಲಿ ತಂಗಿ, ಅಲ್ಲಿಯೇ ಪಾಠ ನಡೆಯಿಸುತ್ತಿದ್ದರು.

1930ರಲ್ಲಿ ಶ್ರೀ ಕುಮಾರ ಮಹಾಸ್ವಾಮಿಗಳು ಲಿಂಗೈಕ್ಯರಾದರು. 1904ರಲ್ಲಿ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಮಲಪ್ರಭೆಯ ದಡದ ಶಿವಯೋಗಮಂದಿರವನ್ನೂ ಸ್ಥಾಪಿಸಿ, ಸಮಾಜಕ್ಕೆಲ್ಲ ಆಸರೆಯಾಗಿದ್ದ ಆ ಮಹಾವೃಕ್ಷವು ಮರೆಯಾದುದೂ, ನಾಡಿನಲ್ಲಿ ರೊಕ್ಕದ ಬರವು ಬಿದ್ದುದೂ ಒಂದೇ ಸಮಯವಾಯಿತು. ಪಾಠಶಾಲೆಯನ್ನು ಮುಚ್ಚಿದ್ದರೆ ಗವಾಯಿಗಳನ್ನು ಯಾರೂ ದೂರುತ್ತಿರಲಿಲ್ಲ. ಆದರೆ ಅಂಧ ಬಾಲಕನು ಮರಳಿ ಹೋಗುವುದಾದರೂ ಎಲ್ಲಿಗೆ? ಬೀದಿಯ ಭಿಕ್ಷೆಯೊಂದೇ ಅವನಿಗೆ ಉಳಿದ ದಾರಿಯಾಗಿತ್ತು. ಆದುದರಿಂದ ಗವಾಯಿಗಳು ತಾವೇ ಜೋಳಿಗೆ ಹಿಡಿದರು.

ಇಲ್ಲಿಯೇ ಇವರ ಧೈರ್ಯದೊಡನೆ ವಿವೇಕವೂ ಕಾಣುತ್ತದೆ. ರೊಕ್ಕವಿಲ್ಲದ ಮನೆಯಲ್ಲಿಯೂ ಹಗೇವಿನ ಜೋಳವಿತ್ತು. ಪೇಟೆಯಲ್ಲಿ ಬೆಲೆ ಕಳೆದುಕೊಂಡ ಕಾಳು ಹಸಿದವನ ಹೊಟ್ಟೆಯಲ್ಲಿ ಬೆಲೆ ಕಳೆದುಕೊಳ್ಳುವುದಿಲ್ಲ. ಒಂದು ಊರಿನ ಮೇಲೆಯೇ ಭಾರ ಹಾಕದೆ ಸಂಚರಿಸುವ ಶಾಲೆಗೆ, ಊರಿಗಿಷ್ಟು ಕಾಳು ಕೂಡಿದರೂ ಸಾಕಾಗುತ್ತಿತ್ತು. ಅದಕ್ಕೆ ಪ್ರತಿಯಾಗಿ ಊರವರಿಗೆ ಕೀರ್ತನವೂ ಸಂಗೀತವೂ ದೊರೆಯುತ್ತಿದ್ದವು. ಕಲಿತ ಶಿಷ್ಯನು ಕಲಿಯುವವನಿಗೆ ಹೇಳಿಕೊಡುವನು. ಹಾಡಲಾರದವನು ತಬಲವನ್ನೋ ಹಾರ್ಮೋನಿಯಮನ್ನೋ ನುಡಿಸುವನು. ಹೀಗೆ ಭಾರವೆನಿಸಿದ ಮಕ್ಕಳೇ ಆಧಾರವಾದರು.

ಜೋಳಿಗೆಯೊಂದೇ ಸಾಲದಾದಾಗ ಗವಾಯಿಗಳು ನಾಟಕ ಮಂಡಳಿಯನ್ನು ಕಟ್ಟಿದರು. ನಾಟಕದವರೆಂದರೆ ಮಡಿವಂತರು ಮೂಗು ಮುರಿಯುತ್ತಿದ್ದ ಕಾಲವದು. ಮೇಲಾಗಿ 1934ರಿಂದ ಕನ್ನಡದ ಮಾತಿನ ಚಿತ್ರಗಳೂ ಬಂದು ರಂಗಭೂಮಿಗೆ ಎದುರಾಳಿಯಾಗಿ ನಿಂತವು. ಆದರೂ ಶಿವಭಕ್ತಿಯನ್ನು ಸಾರುವ ಆಟಗಳಿಂದ ಬಂದ ಆದಾಯವು ಮಕ್ಕಳ ಪ್ರಸಾದಕ್ಕೆ ಸಲ್ಲುವುದಾದರೆ ಅದರಲ್ಲಿ ಕುಂದೇನೂ ಇಲ್ಲವೆಂದು ಇವರು ನಿಶ್ಚಯಿಸಿದರು. ಶಿಷ್ಯರಾದ ಶ್ರೀ ಪುಟ್ಟರಾಜ ಗವಾಯಿಗಳು, ತಾವೂ ಅಂಧರಾಗಿದ್ದರೂ, ನಾಟಕಗಳನ್ನು ರಚಿಸಿ, ಪಾತ್ರ ಧರಿಸಿ ಗುರುವಿನ ಹೆಗಲಿಗೆ ಹೆಗಲು ಕೊಟ್ಟರು.

ಈ ಕೊರತೆಯ ವರ್ಷಗಳಲ್ಲಿ ವಿದ್ಯೆಯ ಮಟ್ಟವು ಮಾತ್ರ ಕುಗ್ಗಲಿಲ್ಲ. ತಂದೆಯನ್ನು ಕಳೆದುಕೊಂಡ ಯಲಿವಾಳದ ಬಾಲಕ ಬಸವರಾಜ ರಾಜಗುರುವನ್ನು ಗವಾಯಿಗಳು ಶಿಷ್ಯನನ್ನಾಗಿ ಸ್ವೀಕರಿಸಿದರು. 1936ರಲ್ಲಿ ಹಂಪೆಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ಜರುಗಿದಾಗ, ಆ ಶಿಷ್ಯನು ಹಾಡಲು, ಗುರುವೇ ಪಕ್ಕದಲ್ಲಿ ಕುಳಿತು ತಬಲ ನುಡಿಸಿದರು. ತಮ್ಮ ಕೀರ್ತಿಯನ್ನು ಹಿಂದಿರಿಸಿ ಶಿಷ್ಯನನ್ನು ಮುಂದಿಡುವ ಔದಾರ್ಯಕ್ಕೆ ಬೇರೆ ನಿದರ್ಶನವು ಬೇಕಿಲ್ಲ. ಜಾತಿಮತಗಳನ್ನೆಣಿಸದೆ ಕಲಿಸಿದ ಇವರ ಶಿಷ್ಯರಲ್ಲಿ ಅರ್ಜುನಸಾ ನಾಕೋಡರೂ ಒಬ್ಬರು.

ಎರಡನೆಯ ಮಹಾಯುದ್ಧದ ತುಟ್ಟಿಯ ನಡುವೆ, 1942ರಲ್ಲಿ, ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಗದಗಿನಲ್ಲಿ ಶ್ರೀ ವೀರೇಶ್ವರ ಪುಣ್ಯಾಶ್ರಮವು ನೆಲೆಗೊಂಡಿತು. ಊರೂರು ಅಲೆದ ಶಾಲೆಗೆ ಮನೆಯಾಯಿತು. ಆ ನೆರಳಿನಲ್ಲಿ ಬಹುದಿನ ವಿಶ್ರಮಿಸುವ ಯೋಗವು ಗವಾಯಿಗಳಿಗಿರಲಿಲ್ಲ. 1944ನೆಯ ಇಸವಿಯ ಜೂನ್ 11ರಂದು ಅವರು ಲಿಂಗೈಕ್ಯರಾದರು. ಶ್ರೀ ಪುಟ್ಟರಾಜ ಗವಾಯಿಗಳು 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೂ ಆ ದಾಸೋಹವನ್ನು ಮುನ್ನಡೆಯಿಸಿದರು. ಅಂಧರೂ ಬಡವರೂ ಆದ ಮಕ್ಕಳು ಅಲ್ಲಿ ಇಂದಿಗೂ ಉಂಡು ಕಲಿಯುತ್ತಿದ್ದಾರೆ.

ಈಗ ತುಂಗಭದ್ರೆಯ ನೀರನ್ನು ಮೇಲೆತ್ತುವ ಏತ ನೀರಾವರಿಗೆ ಸಿಂಗಟಾಲೂರಿನ ಹೆಸರೇ ಇದೆ. ನೀರು ಬಂದರೂ ಪೇಟೆಯ ಧಾರಣೆಯು ಒಕ್ಕಲಿಗನ ಕೈಯಲ್ಲಿಲ್ಲ. ಏರಿದುದು ಇಳಿಯುವ ದಿನಗಳು ಮರಳಿ ಬರುವವು. ಅಂಥ ದಿನಗಳಲ್ಲಿ ಬಾಗಿಲು ಮುಚ್ಚದೆ, ರೊಕ್ಕವಿಲ್ಲದಿದ್ದರೆ ಕಾಳಿನಿಂದಲೂ ಕೈಕೆಲಸದಿಂದಲೂ ಒಬ್ಬರನ್ನೊಬ್ಬರು ಪೊರೆಯುವುದೇ ಈ ಗಾನಯೋಗಿಗೆ ಭಕ್ತರು ಸಲ್ಲಿಸುವ ನಿಜವಾದ ಪೂಜೆಯಾಗಿದೆ.